ಕಟ್ಟದೇ ಉಳಿದ ಗಂಟೆ

ಮೊನ್ನೆ ಅಟ್ಟದ ಮೇಲಿನ ಡಬ್ಬಿ ಇಳಿಸುವಾಗ ಒಳಗೆ ಏನೋ ಕಿಣಿ ಎಂದಿತು. ಮುಚ್ಚಳ ತೆಗೆದರೆ ಹೆಬ್ಬೆರಳಿನಷ್ಟು ಹಿತ್ತಾಳೆ ಗಂಟೆ, ಅದಕ್ಕೆ ಸುತ್ತಿದ ಹಳದಿ ದಾರ. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಬಾಜು ಮನೆಯವರದು. ಸತ್ತವರ ಸಾಮಾನು ಮನೆಯಲ್ಲಿ ಇಡಬಾರದು ಎಂದು ಅವ್ವ ಗೊಣಗಿದಳು. ಗೊಣಗಲಿ. ನಾನು ಗಂಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಬೆಳಗಾವಿ ಕೋಟೆಯ ಹತ್ತಿರ ನಮ್ಮ ಗೋಡೆಗೆ ಹತ್ತಿದ ಮನೆ ಮಾವಶಿಯದು. ಗಂಡ ಬೇಗ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ. ತಾಯಿ-ಮಗಳು ತಮ್ಮದೇ ಒಂದು ಕೈಮಾತು ಮಾಡಿಕೊಂಡಿದ್ದರು. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ. ಕಣ್ಣಿಗೆ ಬೆರಳಿನ ಉಂಗುರ ಹಿಡಿದರೆ ನಾನು, ನನ್ನ ದಪ್ಪ ಚಷ್ಮಾದ ದೆಸೆಯಿಂದ. ಓಣಿಯವರು ಮಾತ್ರ ಎದುರಿಗೇ ಆಕೆಯನ್ನು ಮೂಕಿ ಅನ್ನುತ್ತಿದ್ದರು, ಹೇಗೂ ಕೇಳುವುದಿಲ್ಲವಲ್ಲ ಎಂದು. ತಾಯಿಗೆ ಕೇಳುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಏನು ಜನವೋ...

ಪ್ರತಿ ಶ್ರಾವಣದಲ್ಲಿ ಮಾವಶಿ ಮಗಳನ್ನು ಕರೆದುಕೊಂಡು ರೈಲು ಹತ್ತಿ, ಖಾನಾಪುರ ದಾಟಿ ಗುಂಜಿಯಲ್ಲಿ ಇಳಿದು, ಕಾಡೊಳಗಿನ ದಬದಬಿಗೆ ಹೋಗುತ್ತಿದ್ದರು. ನಮ್ಮ ಕಡೆ ಜಲಪಾತಕ್ಕೆ ಹಾಗನ್ನುತ್ತಾರೆ. ನೀರು ಬೀಳುವಲ್ಲಿ ಒಂದು ಸಣ್ಣ ಗುಡಿ. ಮಾತು ಬರದ ಮಕ್ಕಳ ಹೆಸರಿನಲ್ಲಿ ಅಲ್ಲಿ ಗಂಟೆ ಕಟ್ಟುವ ಹರಕೆ. ಕೆಲವು ವರ್ಷ ನಾನೂ ಬೆನ್ನು ಹತ್ತಿದೆ. ಆಗ ಕಾಲೇಜು ಓದುತ್ತಿದ್ದೆ, ಬಾಯಿ ಬಹಳ. ಬರುವಾಗ ಹಲಸಿಯ ಹಳೆ ಗುಡಿಗಳನ್ನೂ ನೋಡೋಣ ಎಂದು ಪೀಡಿಸುತ್ತಿದ್ದೆ. ಮಾವಶಿಗೆ ದಬದಬಿ ಒಂದೇ ಸಾಕಿತ್ತು.

ಅಲ್ಲಿಗೆ ಮುಟ್ಟಿದೊಡನೆ ಆ ಹುಡುಗಿ ಬಂಡೆಗೆ ಎರಡೂ ಅಂಗೈ ಒತ್ತಿ ನಿಲ್ಲುತ್ತಿದ್ದಳು. ನೀರಿನ ಹೊಡೆತಕ್ಕೆ ಬಂಡೆ ನಡುಗುವುದು ಅವಳ ಮೈಗೆ ತಾಗುತ್ತಿತ್ತು. ಕಣ್ಣು ಮುಚ್ಚಿ ನಗುತ್ತಿದ್ದಳು... ಆ ನಗುವನ್ನು ನಮ್ಮ ಓಣಿಯಲ್ಲಿ ನಾನು ಕಂಡಿರಲೇ ಇಲ್ಲ.

ಒಮ್ಮೆ ವಾಪಸು ಬರುವ ಹಾದಿಯಲ್ಲಿ ಕೇಳಿಯೇಬಿಟ್ಟೆ, ಇಷ್ಟು ಗಂಟೆ ಕಟ್ಟಿದರೂ ದೇವರಿಗೆ ಕೇಳಿಸಲಿಲ್ಲವಲ್ಲ ಎಂದು. ಮಾವಶಿ ಸಿಟ್ಟಾಗಲಿಲ್ಲ.

"ಮಾತು ಬರೂದಿಲ್ಲಂತ ನನಗ ಗೊತ್ತೈತಿ ತಂಗಿ. ಖರೇ ಅಂದ್ರ, ಆ ನೀರಿನ ಸಪ್ಪಳದಾಗ ಯಾರ ಮಾತೂ ಯಾರಿಗೂ ಕೇಳೂದಿಲ್ಲ. ಎಲ್ಲಾರೂ ಕೈ ಮಾಡೇ ಮಾತಾಡ್ತಾರ. ಅಲ್ಲಿ ನನ್ನ ಮಗಳೊಬ್ಬಾಕಿನ ಬ್ಯಾರೆ ಅಲ್ಲ."

ಹೌದಲ್ಲ, ಬಾ, ಸಾಕು, ಜಾರುತ್ತದೆ, ಕಾಯಿ ಎಲ್ಲಿ ಎಂದು ಎಲ್ಲರೂ ಕೈಯಲ್ಲೇ ಹೇಳುತ್ತಿದ್ದರು. ಆ ದಿನ ಯಾರೋ ಒಬ್ಬ ಮುದುಕಿ ಹುಡುಗಿಗೆ ಬೆಲ್ಲ ಕೊಟ್ಟು, ಇನ್ನೂ ಬೇಕೇ ಎಂದು ಕೈಮಾಡಿ ಕೇಳಿದ್ದಳು. ಇವಳು ಸಾಕು ಎಂದು ಕೈಯಾಡಿಸಿದ್ದಳು. ಹುಡುಗಿಗೆ ಕಿವಿ ಕೇಳದು ಎಂಬುದು ಗೊತ್ತೇ ಆಗದೆ ಮುದುಕಿ ಮುಂದೆ ಹೋಗಿದ್ದಳು.

ಕೊನೆಯ ಸಲ ಹೋದ ವರ್ಷ ಮಳೆ ಕೈಕೊಟ್ಟಿತ್ತು. ಶ್ರಾವಣದಲ್ಲೂ ಬಂಡೆಯ ಮೇಲೆ ನಾಲ್ಕು ಬೆರಳು ನೀರು. ಜನ ಜೋರಾಗಿ ಹರಟುತ್ತಿದ್ದರು, ಎಲ್ಲವೂ ಕೇಳುತ್ತಿತ್ತು. ಹುಡುಗಿ ಬಂಡೆಗೆ ಅಂಗೈ ಒತ್ತಿದಳು, ತೆಗೆದಳು, ಬೇರೆ ಕಡೆ ಒತ್ತಿದಳು. ಆಮೇಲೆ ತಾಯಿಯ ಮುಖ ನೋಡಿದಳು. ಅಷ್ಟರಲ್ಲೇ ಹಿಂದಿನಿಂದ, "ಮೂಕಿ ಅದಾಳ, ಪಾಪ" ಎಂದು ಯಾರೋ ಅಂದರು. ಮಾವಶಿ ಕೈಯಲ್ಲಿದ್ದ ಗಂಟೆಯನ್ನು ಕಟ್ಟದೆ ಚೀಲಕ್ಕೆ ಹಾಕಿದರು. ಊರು ಬರುವ ತನಕ ತಾಯಿ-ಮಗಳ ಕೈಗಳು ಮಡಿಲಿನಿಂದ ಏಳಲಿಲ್ಲ.

ಮುಂದಿನ ಮಳೆಗಾಲಕ್ಕೆ ಮಾವಶಿಯೇ ಇರಲಿಲ್ಲ. ಜ್ವರವೆಂದು ಮಲಗಿದವರು ಏಳಲಿಲ್ಲ. ಮಲಗಿದಲ್ಲೇ ಗಂಟೆಯನ್ನು ನನ್ನ ಕೈಗೆ ಕೊಟ್ಟು, "ನೀರು ಬಂದಾಗ ಆಕೀನ ಕರಕೊಂಡು ಹೋಗು" ಅಂದಿದ್ದರು. ಹೂಂ ಅಂದಿದ್ದೆ. ಆದರೆ ಮಾವಶಿಯ ಉತ್ತರಕ್ರಿಯೆ ಮುಗಿದ ಮರುದಿನವೇ ಹುಡುಗಿಯ ಸೋದರಮಾವ ಬಂದು ಆಕೆಯನ್ನು ಮಹಾರಾಷ್ಟ್ರದ ತನ್ನೂರಿಗೆ ಕರೆದೊಯ್ದ. ಅವರ ಮನೆಯಲ್ಲಿ ಆ ಕೈಮಾತು ಒಬ್ಬರಿಗೂ ಬರುತ್ತಿರಲಿಲ್ಲ. ಗಾಡಿ ಹೊರಟಾಗ ಹುಡುಗಿ ಕಿಟಕಿಯಲ್ಲಿ ಕಣ್ಣಿಗೆ ಬೆರಳಿನ ಉಂಗುರ ಹಿಡಿದು ನನ್ನನ್ನು ಕರೆದಳು, ಮತ್ತೆ ಮತ್ತೆ ಕರೆದಳು... ಮಾವ ಆ ಕೈ ಹಿಡಿದು ಕೆಳಗಿಳಿಸಿದ.

ಶ್ರಾವಣ ಬಂದಾಗ ಆ ಮಾವನಿಗೆ ಫೋನು ಹಚ್ಚಿ, ಹುಡುಗಿಯನ್ನು ಕಳಿಸಿ ಎಂದು ಬೇಡಿಕೊಂಡೆ. ಅದೆಲ್ಲ ಯಾಕೆ ಬೇಕು ಅಂದ. ಮರುವರ್ಷ ಆ ನಂಬರೇ ಹತ್ತಲಿಲ್ಲ. ಅವರ ಊರಿಗೂ ಹೋಗಿ ಬಂದೆ. ಮನೆ ಬಿಟ್ಟು ಎಲ್ಲಿಗೋ ಹೋದರಂತೆ. ಗಂಟೆಯನ್ನು ಡಬ್ಬಿಯಲ್ಲಿಟ್ಟು ಅಟ್ಟಕ್ಕೇರಿಸಿದೆ, ಮೊನ್ನೆಯವರೆಗೆ ಅಲ್ಲೇ ಉಳಿಯಿತು.

ಗಂಟೆ ಸಿಕ್ಕ ಮರುದಿನ ಒಬ್ಬಳೇ ಗುಂಜಿಯ ರೈಲು ಹತ್ತಿದೆ. ಈ ವರ್ಷ ಮಳೆ ಚೆನ್ನಾಗಿ ಹಿಡಿದಿದೆ. ದಬದಬಿ ಕಾಡೆಲ್ಲ ನಡುಗುವಂತೆ ಬೀಳುತ್ತಿತ್ತು, ಜನರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಬಂಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತೆ. ಗಂಟೆ ಕಟ್ಟಲು ಮನಸ್ಸು ಬರಲಿಲ್ಲ. ಆಕೆಯನ್ನು ಕರೆದುಕೊಂಡು ಹೋಗು ಅಂದಿದ್ದರಲ್ಲ ಮಾವಶಿ.

ನೀರು ಬಂದಿದೆ ಎಂದು ಆ ಹುಡುಗಿಗೆ ಹೇಳಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ, ಬರೆದು ಕಳಿಸಿದರೆ ಆಕೆಗೆ ಓದಲು ಬಾರದು. ಎದುರಿಗೆ ನಿಂತು ಕೈಯಿಂದಲೇ ಹೇಳಬೇಕು. ಯಾವ ಊರಲ್ಲಿ, ಯಾವ ಬಾಗಿಲೆದುರು ನಿಲ್ಲಲಿ?