ಹತ್ತಿದ ಪೆಟ್ಟಿಗೆ ಇಳಿಯುವುದಿಲ್ಲ

ಆಲ್ವಿಲ್ಡಳ ಪೆಟ್ಟಿಗೆ ನೀಲಿ ಬಣ್ಣದ್ದು. ಮುಚ್ಚಳ ಆಮೆಯ ಬೆನ್ನಿನ ಹಾಗೆ ಉಬ್ಬಿದೆ. ಮೇಲೆ ಬಿದ್ದ ಸಮುದ್ರದ ನೀರು ನಿಲ್ಲಬಾರದು, ಯಾರೂ ಅದರ ಮೇಲೆ ಕೂರಲೂ ಬಾರದು, ಅದಕ್ಕೇ ಹಾಗೆ ಮಾಡುವುದು. ಎರಡೂ ಬದಿಗೆ ಹಗ್ಗದ ಹಿಡಿ. ಮುಂಭಾಗದಲ್ಲಿ ಅವಳ ಹೆಸರಿಲ್ಲ, ಅಪ್ಪನ ಹೆಸರಿದೆ: ಅಮಾಂಡುಸ್. ಅವಳು ಅದನ್ನು ಯಾವತ್ತೂ ಅಳಿಸಲಿಲ್ಲ.

ನಮ್ಮ ದ್ವೀಪದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಗಂಡಸರು ಮನೆಯಲ್ಲಿ ಇರುವುದಿಲ್ಲ. ಕಾಡ್ ಮೀನು ಬರುವ ಹೊತ್ತಿಗೆ ಲೊಫೋಟೆನ್ ದ್ವೀಪಗಳನ್ನು ಸೇರಬೇಕು. ವಸಂತದವರೆಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಒಬ್ಬೊಬ್ಬನಿಗೆ ಒಂದೊಂದು ಪೆಟ್ಟಿಗೆ. ಅಷ್ಟು ದಿನದ ಮನೆ ಎಂದರೆ ಅದೇ. ಯಾರ ಪೆಟ್ಟಿಗೆ ದೋಣಿ ಹತ್ತಿತೋ ಅವರಿಗೆ ಜಾಗ, ಜಾಗ ಇದ್ದವರಿಗೆ ಪಾಲು. ಹತ್ತಿದ ಪೆಟ್ಟಿಗೆ ಮೀನಿನ ಮುಖ ನೋಡದೆ ಮತ್ತೆ ದಕ್ಕೆಗೆ ಇಳಿಯಬಾರದು. ಇಳಿಸಿದ ದೋಣಿ ಹಿಂದಿರುಗಿ ಬರುವುದಿಲ್ಲ ಎಂದು ನಮ್ಮವರ ನಂಬಿಕೆ. ಹಾಗೆ ಇಳಿಸಿದ ಒಂದು ದೋಣಿಯ ಕಥೆ ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಆಲ್ವಿಲ್ಡಳ ಅಪ್ಪ ಒಂದು ವರ್ಷ ಶರತ್ಕಾಲದಲ್ಲಿ, ಮೀನು ಒಣಹಾಕುವ ಕಂಬದ ಮೇಲಿಂದ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು. ಚಿಕ್ಕಂದಿನಿಂದ ಅಪ್ಪನ ಜೊತೆ ಹುಟ್ಟು ಹಾಕಿ ಅವಳ ಭುಜ ಅಗಲವಾಗಿತ್ತು. ಚರ್ಚಿಗೆ ಹಾಕುವ ಕುಪ್ಪಸದ ಹೊಲಿಗೆ ಪ್ರತಿ ವರ್ಷ ಬಿಚ್ಚಿ ಹೊಲಿಯಬೇಕಾಗುತ್ತಿತ್ತು.

ಹಬ್ಬದ ಮಾರನೆಯ ದಿನ ಅಪ್ಪ ಹೋಗುವ ದೋಣಿಯನ್ನು ನಡೆಸುವ ತಾಂಡೇಲ ಹಾಲ್ಡೋರ್ ಅವರ ಮನೆಗೆ ಬಂದ. ಕಾಫಿ ಕುಡಿದ. ಎರಡನೆಯ ಲೋಟವನ್ನೂ ಕುಡಿದ. ಆಮೇಲೆ ಹೇಳಿದ:

"ಅಮಾಂಡುಸ್, ಕಾಲು ಹೀಗಿದ್ರೆ ಕಷ್ಟ ಮಾರಾಯ. ಈ ಸಲ ನಿನ್ನ ಜಾಗಕ್ಕೆ ನನ್ನ ಅಕ್ಕನ ಮಗನನ್ನ ಕೂರಿಸ್ತೇನೆ."

ಒಮ್ಮೆ ಬೇರೆಯವರು ಕೂತ ಜಾಗ ಮತ್ತೆ ಸಿಗುವುದಿಲ್ಲ. ಅದು ಆ ಮನೆಯಲ್ಲಿ ಇದ್ದ ಎಲ್ಲರಿಗೂ ಗೊತ್ತಿತ್ತು.

"ನಾನು ಬರ್ತೇನೆ ಮಾವ," ಎಂದಳು ಆಲ್ವಿಲ್ಡ್, ಒಲೆಯ ಹತ್ತಿರದಿಂದ.

ಹಾಲ್ಡೋರ್ ನಕ್ಕ. "ನೀನಾ? ಹೆಂಗಸು ಗಾಳದ ಹಗ್ಗ ದಾಟಿದ್ರೆ ಮೀನು ದಿಕ್ಕಾಪಾಲು ಓಡ್ತದೆ, ಗೊತ್ತುಂಟಾ?"

"ಆ ಹಗ್ಗಕ್ಕೆ ಗಾಳ ಕಟ್ಟಿದ್ದು ಯಾರು? ನಾನೂ ಅಮ್ಮನೂ. ಶರತ್ಕಾಲ ಪೂರ್ತಿ ನಮ್ಮ ಮಡಿಲಲ್ಲೇ ಬಿದ್ದಿತ್ತು ಅದು. ಆಗ ಓಡದ ಮೀನು ಈಗ ಯಾಕೆ ಓಡ್ತದೆ?"

"ಬಾಯಿ ನೋಡು ಇದರದ್ದು!" ಎಂದು ಹಾಲ್ಡೋರ್ ಅಮಾಂಡುಸನ ಕಡೆ ತಿರುಗಿದ. "ನೋಡು, ನಾನು ಅನ್ಯಾಯ ಮಾಡೋನಲ್ಲ. ಹೊರಡೋ ದಿನ ಬೆಳಗ್ಗೆ ಹುಡುಗರು ಪೆಟ್ಟಿಗೆ ಹೊರೋದಕ್ಕೆ ಎಲ್ಲರ ಮನೆಗೂ ಬರ್ತಾರೆ. ನಿನ್ನ ಪೆಟ್ಟಿಗೆ ಹತ್ತಿದ್ರೆ ಜಾಗ ನಿಂದು. ಇಲ್ಲಾಂದ್ರೆ ಅಕ್ಕನ ಮಗಂದು. ಆಯ್ತಾ?"

ಅಮಾಂಡುಸ್ ಮಗಳ ಮುಖ ನೋಡಿದ. "ಪೆಟ್ಟಿಗೆ ಬರ್ತದೆ," ಎಂದ. ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಪೆಟ್ಟಿಗೆ ತುಂಬುವುದಕ್ಕೆ ಒಂದು ಕ್ರಮ ಇದೆ. ಮೇಲೆ ಬೇಕಾದದ್ದು ಕೆಳಗೆ ಹೋದರೆ ಅಲೆಯಲ್ಲಿ ಕೈ ಹಾಕಿ ಹುಡುಕುವುದಕ್ಕೆ ಆಗುವುದಿಲ್ಲ. ಅಪ್ಪ ಕಾಲು ಚಾಚಿ ಬೆಂಚಿನ ಮೇಲೆ ಕೂತು ಹೇಳುತ್ತಾ ಹೋದ, ಅವಳು ಇಡುತ್ತಾ ಹೋದಳು. ತಳಕ್ಕೆ ಬಾರ್ಲಿಯ ಒಣರೊಟ್ಟಿ, ಬಟ್ಟೆಯಲ್ಲಿ ಸುತ್ತಿ. ಅದರ ಪಕ್ಕ ಬೆಣ್ಣೆಯ ಮರದ ಡಬ್ಬಿ, ಆಡಿನ ಹಾಲಿನ ಕಂದು ಚೀಸ್, ಒಣಗಿಸಿದ ಕುರಿಯ ತೊಡೆ. ನಡುವೆ ಉಣ್ಣೆಯ ಒಳಂಗಿಗಳು, ಕಾಲುಚೀಲಗಳು. ಬದಿಯ ಸಣ್ಣ ಗೂಡಿನಲ್ಲಿ ಸೂಜಿ, ನೂಲು, ಕಾಫಿ, ಪ್ರಾರ್ಥನೆಯ ಪುಸ್ತಕ.

"ಬೂಟಿಗೆ ಒಣಹುಲ್ಲು ತುಂಬಿದ್ಯಾ?"

"ಈ ಬೂಟಿಗೆ ಹುಲ್ಲಲ್ಲ ಅಪ್ಪಾ, ಒಂದು ಕುರಿಯನ್ನೇ ತುಂಬಬೇಕು. ನಿನ್ನ ಪಾದವಾ ಅದು, ದೋಣಿಯಾ?"

ಅಮಾಂಡುಸ್ ನಗುತ್ತಾ ಕಾಲು ಅಲುಗಿಸಿದ, ನೋವಾಗಿ ಬೈದ.

ಕೈಗವಸಿನ ಹತ್ತಿರ ಬಂದಾಗ ಎಲ್ಲ ನಿಂತಿತು. ಸಮುದ್ರದ ಕೈಗವಸು ಬೇರೆ. ಅದನ್ನು ಮೊದಲು ಎರಡು ಕೈ ಹಿಡಿಸುವಷ್ಟು ದೊಡ್ಡದಾಗಿ ಹೆಣೆದು, ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಕುಗ್ಗಿಸಬೇಕು. ಕೊನೆಗೆ ಅದು ಕಂಬಳಿಯ ಹಾಗೆ ದಪ್ಪವಾಗಿ ಗಾಳಿಯನ್ನೂ ನೀರನ್ನೂ ತಡೆಯುತ್ತದೆ. ಒಂದೊಂದಕ್ಕೂ ಎರಡೆರಡು ಹೆಬ್ಬೆರಳು. ಹಗ್ಗ ಎಳೆದು ಒಂದು ಮೈ ಸವೆದರೆ ತಿರುಗಿಸಿ ಹಾಕಿಕೊಳ್ಳಬಹುದು. ಅಪ್ಪನ ಕೈಗವಸು ಅಪ್ಪನ ಕೈಗೆ ಕುಗ್ಗಿಸಿದ್ದು. ಆಲ್ವಿಲ್ಡಳ ಕೈಯಲ್ಲಿ ಅದು ಜೋಲಾಡುತ್ತಿತ್ತು. ಜೋಲಾಡುವ ಕೈಗವಸನ್ನು ಓಡುವ ಗಾಳ ಸಿಕ್ಕಿಸಿಕೊಂಡರೆ ಕೈಯನ್ನೂ ಜೊತೆಗೆ ಒಯ್ಯುತ್ತದೆ.

ಅವಳ ಅಮ್ಮ ಡೊರ್ದಿ ಹಾಲ್ಡೋರ್ ಹೋದ ದಿನದಿಂದ ಮಗಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಹೆಣೆದು ಕೊಡು ಎಂದು ಕೇಳಿದಾಗ, ನಿನ್ನ ಹುಚ್ಚಿಗೆ ನನ್ನ ಸೂಜಿ ಇಲ್ಲ ಎಂದಿದ್ದಳು. ಈಗ ಅವಳು ಎದ್ದು ಕೊಟ್ಟಿಗೆಗೆ ಹೋದಳು. ಬರುವಾಗ ಕೈಯಲ್ಲಿ ಮೂರು ಜೊತೆ ಕೈಗವಸು, ಹೊಸದು, ಕುಗ್ಗಿಸಿ ಒಣಗಿಸಿದ್ದು. ದನದ ವಾಸನೆ ಹೊಡೆಯುತ್ತಿತ್ತು. ಮಗಳ ಎದೆಗೆ ಎಸೆದಳು.

"ನಿನಗೆ ಅಂತ ಮಾಡಿದ್ದಲ್ಲ. ಬೆರಳು ಕಳ್ಕೊಂಡು ಬಂದ್ರೆ ನಾಳೆ ಹಸು ಕರೆಯೋದು ಯಾರು? ನಾನಾ?"

ಆಲ್ವಿಲ್ಡ್ ಹಾಕಿ ನೋಡಿದಳು. ಅಳತೆ ತೆಗೆಯದೆ ಹೆಣೆದದ್ದು, ಚರ್ಮದ ಹಾಗೆ ಕೂತಿತು. ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಮುಚ್ಚಳ ಹಾಕಿದಳು.

ಹೊರಡುವ ದಿನ ಸೂರ್ಯ ಇಲ್ಲ. ಆ ತಿಂಗಳಲ್ಲಿ ಬರೀ ನೀಲಿ ಬೆಳಕು. ಪೆಟ್ಟಿಗೆ ಹೊರಲು ಬಂದ ಇಬ್ಬರಲ್ಲಿ ಒಬ್ಬ ಸಿವೆರ್ಟ್. ಆಮೇಲೆ ನನ್ನ ಗಂಡನಾದವನು. ಮುಚ್ಚಳ ತೆರೆದು ನೋಡುವ ಪದ್ಧತಿ ಇಲ್ಲ. ಹೆಸರು ನೋಡಿದರು, ಹೊತ್ತರು, ದೋಣಿಗೆ ಹತ್ತಿಸಿದರು.

"ಮುದುಕ ಹಟಮಾರಿ. ಕುಂಟಿಕೊಂಡಾದ್ರೂ ಬರ್ತಾನೆ ನೋಡು," ಎಂದ ಸಿವೆರ್ಟ್.

ದಕ್ಕೆಯ ಮೇಲೆ ನಾವೆಲ್ಲ ನಿಂತಿದ್ದೆವು. ಹಿಮದಲ್ಲಿ ಭಾರವಾದ ಹೆಜ್ಜೆ ಹಾಕುತ್ತ ಬಂದದ್ದು ಅಪ್ಪನ ಎಣ್ಣೆ ಕುಡಿಸಿದ ಅಂಗಿ, ಅಪ್ಪನ ಉದ್ದ ಬೂಟು. ಒಳಗಿದ್ದವಳು ಆಲ್ವಿಲ್ಡ್.

ಹಾಲ್ಡೋರ್ ಹುಬ್ಬು ಗಂಟಿಕ್ಕಿದ. "ಅಮಾಂಡುಸ್ ಎಲ್ಲಿ?"

"ಮನೇಲಿ. ಒಲೆ ಹತ್ರ."

"ಮತ್ತೆ ಈ ಪೆಟ್ಟಿಗೆ?"

"ನಂದು. ನೀನೇ ಹೇಳಿದ್ಯಲ್ಲ ಮಾವ, ಪೆಟ್ಟಿಗೆ ಹತ್ತಿದ್ರೆ ಜಾಗ ನಮ್ಮದು ಅಂತ."

"ಸಿವೆರ್ಟ್! ಇಳಿಸು ಅದನ್ನ!"

ಸಿವೆರ್ಟ್ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ನಾನಾ? ನನ್ನ ತಾಯಿ ಇಲ್ಲೇ ನಿಂತಿದ್ದಾಳೆ ತಾಂಡೇಲಾ. ನೀನೇ ಇಳಿಸು."

ಹಾಲ್ಡೋರ್ ಅಕ್ಕನ ಮಗನನ್ನು ನೋಡಿದ. ಅವನು ದಕ್ಕೆಯ ಮೇಲೆ ತನ್ನ ಪೆಟ್ಟಿಗೆಯ ಪಕ್ಕ ನಿಂತು ಬೂಟಿನ ತುದಿ ನೋಡುತ್ತಿದ್ದ. ದೋಣಿಯೊಳಗಿದ್ದವರೆಲ್ಲ ಎಂಜಿನ್ನಿನ ಕಡೆ, ಆಕಾಶದ ಕಡೆ ನೋಡತೊಡಗಿದರು. ಕೊನೆಗೆ ಹಾಲ್ಡೋರ್ ತಾನೇ ಬಗ್ಗಿ ಹಗ್ಗದ ಹಿಡಿಗೆ ಕೈ ಹಾಕಿದ. ದಕ್ಕೆಯ ಮೇಲಿದ್ದ ಅವನ ಹೆಂಡತಿ ಸಣ್ಣಗೆ ಚೀರಿದಳು. ಕೈ ಅಲ್ಲೇ ನಿಂತಿತು.

ಆಲ್ವಿಲ್ಡ್ ದಕ್ಕೆಯ ಅಂಚಿಗೆ ಬಂದಳು. "ಹೆಂಗಸು ಹಗ್ಗ ದಾಟಿದ್ರೆ ಮೀನು ಓಡ್ತದೆ ಅಂದೆ. ಪೆಟ್ಟಿಗೆ ಇಳಿಸಿದ್ರೆ ದೋಣಿ ಮುಳುಗ್ತದೆ ಅಂತಲೂ ನೀವೇ ಎಲ್ಲ ಹೇಳ್ತೀರಿ. ಯಾವುದು ಬೇಕೋ ಆರಿಸ್ಕೋ ಮಾವ. ನಂಗೆ ಅವಸರ ಇಲ್ಲ."

ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಹಾಲ್ಡೋರನ ಕಿವಿ ಕೆಂಪಾಯಿತು. ಹಿಡಿಯಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

"ಹತ್ತು. ಆದ್ರೆ ಹಗ್ಗ ಮಾತ್ರ ದಾಟ್ಬೇಡ."

ಗಾಳದ ಹಗ್ಗ ಸುತ್ತಿಟ್ಟ ತೊಟ್ಟಿಗಳು ದೋಣಿಯ ಅಡ್ಡಕ್ಕೆ ಸಾಲಾಗಿದ್ದವು. ಅಮಾಂಡುಸನ ಜಾಗ ಅವುಗಳ ಆಚೆ. ಸುತ್ತಿ ಹೋಗಲು ದಾರಿಯೇ ಇಲ್ಲ. ಆಲ್ವಿಲ್ಡ್ ಹಾಲ್ಡೋರನ ಮುಖವನ್ನೇ ನೋಡುತ್ತ, ಆ ದೊಡ್ಡ ಬೂಟನ್ನು ಎತ್ತಿ ಒಂದೊಂದೇ ತೊಟ್ಟಿಯನ್ನು ದಾಟಿ ಹೋಗಿ ಕೂತಳು.

ಅಕ್ಕನ ಮಗನ ಪೆಟ್ಟಿಗೆ ಇನ್ನೂ ದಕ್ಕೆಯ ಮೇಲೇ ಇತ್ತು. ಅವನಿಗೆ ಪಕ್ಕದ ದ್ವೀಪದ ದೋಣಿಯಲ್ಲಿ ಜಾಗ ಸಿಕ್ಕಿತು. ಅವನೇನೂ ಉಪವಾಸ ಬೀಳಲಿಲ್ಲ.

ಆ ಚಳಿಗಾಲ ಮೀನು ಹೇಗೆ ಬಂತು ಎಂದು ಈಗಲೂ ಕೇಳುವವರಿದ್ದಾರೆ. ಹಿಂದಿನ ವರ್ಷದ ಹಾಗೇ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೊದಲ ದಿನಗಳಲ್ಲಿ ಅವಳ ಜೊತೆ ಯಾರೂ ಮಾತಾಡಲಿಲ್ಲವಂತೆ. ಒಂದು ಸಲ ಬಿರುಗಾಳಿಗೆ ಸಿಕ್ಕಿ ಎಲ್ಲರೂ ವಾಂತಿ ಮಾಡುತ್ತಿದ್ದಾಗ ಅವಳು ಕುರಿಯ ತೊಡೆ ಕೊಯ್ದು ಹಂಚಲು ಹೋದಳು. ಅವತ್ತಿನಿಂದ ಬೈಯಲಿಕ್ಕಾದರೂ ಮಾತು ಶುರುವಾಯಿತು ಎಂದು ಸಿವೆರ್ಟ್ ಹೇಳುತ್ತಿದ್ದ.

ಹಿಮ ಕರಗುವಾಗ ದೋಣಿ ಬಂತು. ಅಮಾಂಡುಸ್ ಕೋಲೂರಿ ದಕ್ಕೆಗೆ ಬಂದಿದ್ದ, ಡೊರ್ದಿ ಮಗಳ ಬೆರಳುಗಳನ್ನು ದೂರದಿಂದಲೇ ಎಣಿಸುತ್ತಿದ್ದಳು. ಆಲ್ವಿಲ್ಡ್ ಪೆಟ್ಟಿಗೆಯ ಒಂದು ಹಿಡಿಯನ್ನು ಎತ್ತಿದಾಗ ಇನ್ನೊಂದಕ್ಕೆ ಕೈ ಹಾಕಿದವನು ಹಾಲ್ಡೋರ್.

"ಮೀನು ನೋಡಿ ಆಯ್ತಲ್ಲ," ಎಂದ. "ಈಗ ಇಳಿಸಬಹುದು."

"ಹುಷಾರು ಮಾವ," ಎಂದಳು ಅವಳು. "ಮೂಲೆ ಎಲ್ಲೂ ತಾಗಿಸ್ಬೇಡ. ಮುಂದಿನ ಚಳಿಗಾಲಕ್ಕೂ ಇದೇ ಪೆಟ್ಟಿಗೆ."