ಮೊದಲು ಗಾಯ, ಆಮೇಲೆ ತಪ್ಪು

ಕುರಿ ಅಡ್ಡ ಬಂದವೆಂದು ಮುಂದಿನ ವ್ಯಾನು ಗಕ್ಕನೆ ನಿಂತಿತು. ಫೋನ್ ನೋಡುತ್ತ ಶಹಾಪುರದಿಂದ ಸುರಪುರಕ್ಕೆ ಹೊರಟಿದ್ದ ನಾನು ಬೈಕ್ ಸಮೇತ ಅದರ ಹಿಂಬದಿಗೆ ಗುದ್ದಿ ಬಿದ್ದೆ. ಒಳಗೇ ಅಡುಗೆ, ಹಾಸಿಗೆ ಇದ್ದ ಆ ವ್ಯಾನಿನಲ್ಲಿ ದೇಶ ಸುತ್ತುತ್ತಿದ್ದ ವಿದೇಶಿ ದಂಪತಿ ಇದ್ದರು.

ನಮ್ಮ ಕಡೆ ಡಿಕ್ಕಿಯಾದರೆ ತಪ್ಪು ಯಾವಾಗಲೂ ದೊಡ್ಡ ಗಾಡಿಯದೇ. ಸೇರಿದ ಮಂದಿ, "ನಡು ರೋಡಿನ್ಯಾಗ ಹಿಂಗ ಬ್ರೇಕ್ ಹಾಕ್ತಾರೇನ್ರಿ? ಇಳೀರಿ ಕೆಳಗ!" ಎಂದು ಬಾಗಿಲು ಬಡಿದರು. ಬಿದ್ದಿದ್ದ ಫೋನನ್ನು ನಾನು ಮೆಲ್ಲಗೆ ಜೇಬಿಗೆ ಸೇರಿಸಿದೆ.

ಆ ಹೆಂಗಸು ಔಷಧಿ ಡಬ್ಬಿ ಹಿಡಿದು ಇಳಿದರು. ನೇರ ನನ್ನ ಬಳಿ ಕುಳಿತು ಮೊಣಕಾಲು ತೊಳೆದು ಪಟ್ಟಿ ಕಟ್ಟಿದರು. ಆಕೆಯ ಗಂಡ ಪ್ಲಾಸ್ಟಿಕ್ ಹೊದಿಸಿದ ಚೀಟಿಯೊಂದನ್ನು ನನ್ನ ಕೈಗಿತ್ತರು. ಕನ್ನಡದ ಚೀಟಿ! ಇಂಥ ಹೊತ್ತಿಗೆಂದೇ ಯಾರಿಂದಲೋ ಬರೆಸಿಟ್ಟುಕೊಂಡಿದ್ದರು.

"ಏನ್ ಬರದಾರ, ಜೋರಾಗಿ ಓದೋ ತಮ್ಮಾ," ಎಂದ ಕುರಿ ಕಾಯುವ ಮುದುಕ.

ಓದಿದೆ: "ಅಪಘಾತವಾಗಿದೆ. ಮೊದಲು ನಿಮ್ಮ ಗಾಯ ನೋಡುತ್ತೇವೆ. ತಪ್ಪು ಯಾರದೆಂದು ಆಮೇಲೆ ಮಾತಾಡೋಣ."

ತಲೆ ಎತ್ತಲಾಗಲಿಲ್ಲ. "ತಪ್ಪು ನಂದೇ ಅದರಿ," ಎಂದೆ.

ಎದುರಾಗುವವರು ಯಾರೆಂದು ಗೊತ್ತಾಗುವ ಮೊದಲೇ ಅವರಿಗಾಗಿ ಪಟ್ಟಿಯನ್ನೂ ಮಾತನ್ನೂ ಸಿದ್ಧಮಾಡಿಕೊಂಡು ಬಂದ ಆ ದಂಪತಿಗೆ ನಾನು ಋಣಿ. ಈಗ ನನ್ನ ಬೈಕಿನಲ್ಲೂ ಹತ್ತಿ, ಪಟ್ಟಿ ಇವೆ. ಗಾಡಿ ಓಡಿಸುವಾಗ ಫೋನು ಜೇಬಿನಲ್ಲೇ ಇರುತ್ತದೆ.