ಮೀನುಗಾರನ ಮಗನೆಂದು ಹಡಗು ಹತ್ತಿದ್ದು

ಸಮುದ್ರವನ್ನೇ ಕಾಣದ ಶೆಟ್ಟಿಕೆರೆ ಕಡೆಯವನೊಬ್ಬ ಹಡಗಿನಲ್ಲಿ ದುಡಿದಿದ್ದನೆಂದರೆ ಜನ ಈಗಲೂ ಕಣ್ಣರಳಿಸುತ್ತಾರೆ. ಅರಳಿಸುವಂಥದ್ದು ಏನೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಅಪ್ಪನ ಕೊಬ್ಬರಿ ಕೋಣೆಯ ವಾಸನೆ ಸಾಕಾಗಿ ಬೊಂಬಾಯಿಗೆ ಓಡಿದೆ. ಸರಕಿನ ಹಡಗೊಂದರಲ್ಲಿ ಕೆಲಸ ಸಿಗಲೆಂದು, ಮಂಗಳೂರಿನ ಮೀನುಗಾರನ ಮಗ ಎಂದು ಬೊಗಳೆ ಬಿಟ್ಟೆ. ಮೀನು ಮುಟ್ಟದ, ಲಿಂಗ ಕಟ್ಟಿದ ಮನೆಯವನು! ಹಡಗಿನಲ್ಲಿ ಮೀನನ್ನೂ ಕಣ್ಣು ಮುಚ್ಚಿ ನುಂಗಿದೆ. ಅದುವರೆಗೆ ನಾನು ಕಂಡ ದೊಡ್ಡ ನೀರೆಂದರೆ ತುರುವೇಕೆರೆಯ ಕೆರೆ.

ಎಲ್ಲಿಯೋ ಸರಕು ತುಂಬಿಕೊಂಡು ಬಂದಿದ್ದ ಹಡಗು, ಹಳೆಯ ಕೆಲಸದವರನ್ನೆಲ್ಲ ಇಳಿಸಿ ನಮ್ಮನ್ನು ಹತ್ತಿಸಿಕೊಂಡಿತ್ತು. ಒಳಗೇನಿದೆ, ಎಲ್ಲಿಗೆ ಹೊರಟಿದ್ದೇವೆ, ಯಾರಿಗೂ ಹೇಳಲಿಲ್ಲ. ಆ ಗುಟ್ಟು ಏಕೆಂದು ಇಂದಿಗೂ ತಿಳಿಯದು. ಕ್ಯಾಪ್ಟನ್ನನ ದೊಡ್ಡಸ್ತಿಕೆ ಇರಬೇಕು. ಬಂದೂಕು ಎಂದ ಒಬ್ಬ, ಚಿನ್ನ ಎಂದ ಇನ್ನೊಬ್ಬ. ಅಡುಗೆಯವನಂತೂ ಯಾವನೋ ರಾಜನ ಹೆಣ ಎಂದು ಆಣೆ ಇಟ್ಟ. ದೇಶ ದೇಶ ಸುತ್ತಿದವರ ಬುದ್ಧಿ ಇಷ್ಟು. ಮೂರನೆಯ ದಿನ ಸರಕಿನ ಕೋಣೆಯ ಮುಚ್ಚಳದ ಸಂದಿನಿಂದ ಬಂದ ಕಮಟು ನನ್ನ ಮೂಗಿಗೆ ಬಡಿಯಿತು. ಕೊಬ್ಬರಿ. ಅದೂ ಸರಿಯಾಗಿ ಒಣಗದ ಕೊಬ್ಬರಿ.

ಅಪ್ಪ ಎಷ್ಟು ಸಲ ಹೇಳಿದ್ದರೋ! “ಹಸಿ ಕೊಬ್ರಿ ತುಂಬಿ ಮುಚ್ಚಿದ್ ಕ್ವಾಣೆಗೆ ಬಾಗ್ಲು ತೆಗೆದೇಟ್ಗೆ ನುಗ್ಬ್ಯಾಡ ಕಣ್ಲಾ, ಉಸ್ರು ಕಟ್ತೈತೆ. ಗಾಳಿ ಆಡ್ಲಿ ಬುಡು.” ಇದನ್ನು ಹೇಳಿದರೆ ಮೀನುಗಾರನ ಮಗನಿಗೆ ಕೊಬ್ಬರಿಯ ವಿದ್ಯೆ ಎಲ್ಲಿಂದ ಬಂತೆಂದು ಕೇಳುತ್ತಾರೆ, ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಾರೆ. ಬಾಯಿ ಮುಚ್ಚಿಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಮುಚ್ಚಳ ಮುಟ್ಟಿದರೆ ಬೆಚ್ಚಗಿತ್ತು. ಒಳಗೆ ಇಳಿದು ನೋಡಲು ಕ್ಯಾಪ್ಟನ್ ಕಾರವಾರದ ಹಿರಿಯ ನಾವಿಕರೊಬ್ಬರಿಗೆ ಹೇಳಿದ. ಸರಕಿನ ಹೆಸರು ಗೊತ್ತಿದ್ದ ಕ್ಯಾಪ್ಟನ್ ಮಹಾನುಭಾವನಿಗೆ ಅದರ ಗುಣ ಗೊತ್ತಿರಲಿಲ್ಲ. ನನಗೆ ಹಡಗಿನ ಕೆಲಸವನ್ನೆಲ್ಲ ಕಲಿಸಿದವರು ಆ ಹಿರಿಯರು. ಅಲ್ಲಿ ನನ್ನನ್ನು ‘ತಮ್ಮಾ’ ಎಂದು ಕರೆದವರು ಅವರೊಬ್ಬರೇ. ಮುಚ್ಚಳ ತೆಗೆದ ಕೂಡಲೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏಣಿಗೆ ಕಾಲಿಟ್ಟರು. ಈಗಲಾದರೂ ಹೇಳಬೇಕಿತ್ತು. ಹೇಡಿ ನಾಲಿಗೆ ಏಳಲಿಲ್ಲ. ನಾಲ್ಕೈದು ಮೆಟ್ಟಿಲು ಇಳಿದಿದ್ದರೋ ಇಲ್ಲವೋ, ಕೈ ಜಾರಿ ಹಗ್ಗಕ್ಕೆ ಜೋತುಬಿದ್ದರು.

ಕಾಪಾಡಲು ಇನ್ನೊಬ್ಬ ಇಳಿಯಹೊರಟಾಗ ಅರಚಿದೆ: “ಇಳೀಬ್ಯಾಡ್ರೋ! ಕೊಬ್ರಿ ಕಣ್ರೋ ಅದು! ಹಗ್ಗ ಎಳೀರೋ!” ಅಲ್ಲಿದ್ದವರಿಗೆ ಭಾಷೆ ತಿಳಿಯದಿದ್ದರೂ ಕೈಸನ್ನೆ ತಿಳಿಯಿತು. ಎಲ್ಲರೂ ಸೇರಿ ಎಳೆದೆವು.

ಅವರು ಕಣ್ಣು ಬಿಡಲು ಬಹಳ ಹೊತ್ತಾಯಿತು. ಅಷ್ಟರಲ್ಲಿ ನಾನು ತೆಂಗಿನ ಸೀಮೆಯವನೆಂದು ಒಪ್ಪಿಕೊಂಡಿದ್ದೆ. ಕ್ಯಾಪ್ಟನ್ ಹೊಟ್ಟೆ ಹಿಡಿದು ನಕ್ಕ, ಅಷ್ಟೇ. ಕೆಲಸ ಹೋಗಲಿಲ್ಲ. ಐದು ದಿನ ನಾನು ಹೆದರಿ ಸತ್ತದ್ದು ಇಷ್ಟಕ್ಕೆ.

“ನಿನಗೆ ಯಾವಾಗ ಗೊತ್ತಾಯ್ತು ತಮ್ಮಾ?” ಎಂದು ಹಿರಿಯರು ಮಲಗಿದಲ್ಲಿಂದಲೇ ಕೇಳಿದರು.

“ನೀವು ಇಳಿದ್ ಮ್ಯಾಲೆ ಕಣಣ್ಣ,” ಎಂದೆ.

ಅವರು ನಂಬಿದರು. ಬೊಂಬಾಯಿಗೆ ಮರಳಿದಾಗ ಮನೆಗೆ ಕರೆದೊಯ್ದು, “ನನ್ನ ಜೀವ ಉಳಿಸಿದವ ಇವನೇ” ಎಂದು ಹೆಂಡತಿಗೆ ತೋರಿಸಿದರು. ತಲೆ ನರೆತ ಆ ತಾಯಿ ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.